ಅರವತ್ತೊಂದು ಹುತ್ತಗಳ ಮಹಜರು

ಕೋವಿಡ್ ಕಾಲ ಮುಗಿದ ಮರುವರ್ಷ ನಾನು ಚಳ್ಳಕೆರೆಗೆ ಅಗ್ನಿಶಾಮಕ ಠಾಣಾಧಿಕಾರಿಯಾಗಿ ವರ್ಗವಾಗಿ ಬಂದೆ. ನಿವೃತ್ತಿಗೆ ಮೂರು ವರ್ಷ ಉಳಿದಿತ್ತು. ಹುಟ್ಟೂರು ಪಕ್ಕದ ಮೊಳಕಾಲ್ಮುರು ತಾಲ್ಲೂಕಿನ ಕೊಂಡ್ಲಹಳ್ಳಿ. ಸೇವೆಯ ಬಹುಪಾಲು ಮಾತ್ರ ದೊಡ್ಡ ಊರುಗಳ ಬಹುಮಹಡಿ ಕಟ್ಟಡ, ಗೋದಾಮು, ರಾಸಾಯನಿಕ ಕಾರ್ಖಾನೆಗಳ ಬೆಂಕಿಯಲ್ಲಿ ಕಳೆದಿತ್ತು. ಕೊನೆಯ ಮೂರು ವರ್ಷ ಊರ ಕಡೆ ಆರಾಮಾಗಿರೋಣವೆಂದು ಕೇಳಿ ಪಡೆದ ವರ್ಗಾವಣೆ ಅದು. ಆರಾಮು ಸಿಗಲಿಲ್ಲ, ಒಬ್ಬ ಮನುಷ್ಯನ ಮೇಲೆ ಸೇಡು ತೀರಿಸಿಕೊಳ್ಳುವ ಅವಕಾಶ ಸಿಕ್ಕಿತು. ಸರ್ಕಾರಿ ನೌಕರ ‘ಸೇಡು’ ಎಂಬ ಶಬ್ದವನ್ನು ಕಡತದಲ್ಲಿ ಬರೆಯುವಂತಿಲ್ಲ. ಅಲ್ಲಿ ಅದಕ್ಕೆ ‘ಸೂಕ್ತ ಕ್ರಮ’ ಎನ್ನುತ್ತಾರೆ. ಈಗ ನಿವೃತ್ತನಾಗಿದ್ದೇನೆ, ಆದ್ದರಿಂದ ಸೇಡನ್ನು ಸೇಡೆಂದೇ ಬರೆಯುತ್ತೇನೆ.

ಚಳ್ಳಕೆರೆಯಿಂದ ಮೊಳಕಾಲ್ಮುರಿನ ಕಡೆಗೆ ಹೋಗುವ ಹೆದ್ದಾರಿಯಲ್ಲಿ, ನಮ್ಮ ಠಾಣೆಯಿಂದ ಹನ್ನೊಂದು ಕಿಲೋಮೀಟರ್ ದೂರದಲ್ಲಿ, ಆಗ ಹೊಸ ಬಡಾವಣೆಯೊಂದು ಎದ್ದಿತ್ತು. ಇನ್ನೂರು ಚಿಲ್ಲರೆ ನಿವೇಶನ, ಅದರಲ್ಲಿ ಕಟ್ಟಿದ ಮನೆ ಮೂವತ್ತೆಂಟು. ಅದರ ಹೆಸರು ಬೇಡ. ಬೋರ್ಡಿನಲ್ಲಿ ‘ಗ್ರೀನ್’ ಎಂಬ ಶಬ್ದವಿತ್ತು, ಒಳಗೆ ನೆರಳು ಕೊಡುವ ಒಂದು ಮರ ಇರಲಿಲ್ಲ. ಮಾಲೀಕನನ್ನು ಇಲ್ಲಿ ಚನ್ನಬಸಪ್ಪ ಎಂದು ಕರೆಯುತ್ತೇನೆ. ಎಣ್ಣೆ ಮಿಲ್ಲಿನಲ್ಲಿ ಬೆಳೆದ ಮನುಷ್ಯ, ಮಾತು ಕೂಡ ಎಣ್ಣೆ ಹಚ್ಚಿದ ಹಾಗೆಯೇ ಜಾರುತ್ತಿತ್ತು. ಜನ ‘ಸಾವ್ಕಾರ್ರು’ ಎನ್ನುತ್ತಿದ್ದರು.

ಬಡಾವಣೆಯ ಪಶ್ಚಿಮಕ್ಕೆ ಕಾವಲು. ಕಾವಲೆಂದರೆ ಹಿಂದಿನ ಕಾಲದಿಂದ ದನಗಳಿಗೆಂದೇ ಬಿಟ್ಟ ಹುಲ್ಲುಗಾವಲು. ಮಳೆ ನಿಂತು ಎರಡು ತಿಂಗಳಾದರೆ ಅಲ್ಲಿನ ಹುಲ್ಲು ಸೊಂಟದೆತ್ತರಕ್ಕೆ ಒಣಗಿ ನಿಲ್ಲುತ್ತದೆ. ಒಂದು ಬೀಡಿ ಸಾಕು. ಅದೇ ಕಾವಲಿನ ಅಂಚಿನಲ್ಲಿ, ಬಡಾವಣೆಯ ಉತ್ತರದ ಮೂಲೆಗೆ ಒಂದು ರೊಪ್ಪವಿತ್ತು. ಮುಳ್ಳುಬೇಲಿಯ ದೊಡ್ಡಿಗೆ ನಮ್ಮ ಕಡೆ ರೊಪ್ಪ ಎನ್ನುತ್ತೇವೆ. ಅದು ದೇವರ ಎತ್ತುಗಳ ರೊಪ್ಪ. ಈ ಎತ್ತುಗಳನ್ನು ಯಾರೂ ಉಳುಮೆಗೆ ಕಟ್ಟುವುದಿಲ್ಲ, ಮಾರುವುದಿಲ್ಲ. ಸತ್ತರೆ ಮನುಷ್ಯರಂತೆ ಮಣ್ಣು ಮಾಡುತ್ತಾರೆ. ಅವುಗಳನ್ನು ಕಾಯುವವನು ಕಿಲಾರಿ. ಅಲ್ಲಿನ ಕಿಲಾರಿಯ ಹೆಸರು ಓಬಯ್ಯ, ವಯಸ್ಸು ಅರವತ್ತರ ಮೇಲೆ, ಮಾತು ಕಡಿಮೆ.

ನಾನು ಬಂದ ವರ್ಷ ಸಂಕ್ರಾಂತಿ ಕಳೆದು ನಾಲ್ಕನೆಯ ದಿನ ಬೆಳಿಗ್ಗೆ ಆರೂವರೆಗೆ ಠಾಣೆಗೆ ಕರೆ ಬಂತು. ಕಾವಲಿಗೆ ಬೆಂಕಿ ಬಿದ್ದಿದೆ ಎಂದು ಬಡಾವಣೆಯ ವಾಚ್‌ಮನ್ ಕೂಗುತ್ತಿದ್ದ. ಜಲವಾಹನ ತೆಗೆದುಕೊಂಡು ಹೋದೆವು. ಅಂದರೆ ನಮ್ಮ ನೀರಿನ ಲಾರಿ; ನಾಲ್ಕೂವರೆ ಸಾವಿರ ಲೀಟರ್ ಹಿಡಿಯುತ್ತದೆ. ಹೋಗಿ ನೋಡಿದರೆ ಓಬಯ್ಯ ಮತ್ತು ಆರು ಜನ ಬಡಾವಣೆಯ ಗಡಿಯುದ್ದಕ್ಕೂ ಇಪ್ಪತ್ತು ಅಡಿ ಅಗಲದ ಪಟ್ಟಿಯಲ್ಲಿ ಹುಲ್ಲು ಸುಡುತ್ತಿದ್ದರು. ಗಾಳಿ ಇರಲಿಲ್ಲ, ಹುಲ್ಲಿನ ಬುಡದಲ್ಲಿ ಇನ್ನೂ ಇಬ್ಬನಿ ಇತ್ತು. ಮುಂದೆ ಇಬ್ಬರು ಕೋಲು ಬಡಿಯುತ್ತ ಮೊಲ, ಗೌಜಲಗಳನ್ನು ಎಬ್ಬಿಸಿ ಓಡಿಸುತ್ತಿದ್ದರು. ಹಿಂದೆ ಒಬ್ಬೊಬ್ಬನ ಕೈಯಲ್ಲೂ ‘ಬಂದರೆ’ ಎಂಬ ಪೊದೆಗಿಡದ ಹಸಿ ಕೊಂಬೆ. ಪಟ್ಟಿಯಾಚೆ ಒಂದು ಕಿಡಿ ಹಾರಿದರೂ ಅಲ್ಲೇ ಬಡಿದು ಆರಿಸುತ್ತಿದ್ದರು. ಪ್ರತಿ ವರ್ಷ ಬೇಸಿಗೆಯ ಗಾಳಿ ಶುರುವಾಗುವ ಮುಂಚೆ ಅವರು ಮಾಡುತ್ತಿದ್ದ ಕೆಲಸ ಅದು. ಅರಣ್ಯ ಇಲಾಖೆಯವರು ‘ಬೆಂಕಿ ರೇಖೆ’ ಎನ್ನುವುದು ಇದಕ್ಕೇ: ಮೊದಲೇ ಸುಟ್ಟ ಜಾಗದಲ್ಲಿ ಮುಂದೆ ಬರುವ ಬೆಂಕಿಗೆ ತಿನ್ನಲು ಏನೂ ಇರುವುದಿಲ್ಲ, ಅಲ್ಲಿಗೇ ನಿಲ್ಲುತ್ತದೆ.

ನನಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಕೊಂಡ್ಲಹಳ್ಳಿಯಲ್ಲಿ ಚಿಕ್ಕವನಿದ್ದಾಗ ನೋಡಿದ್ದೆ, ತರಬೇತಿಯಲ್ಲಿ ಓದಿದ್ದೆ ಕೂಡ. ಆದರೆ ಮೂವತ್ತು ವರ್ಷ ಯೂನಿಫಾರ್ಮ್ ಹಾಕಿದವನಿಗೆ ಬೆಂಕಿ ಕಂಡರೆ ಕೈ ತಾನಾಗಿಯೇ ಹೋಸ್‌ಗೆ ಹೋಗುತ್ತದೆ. ನೀರು ಬಿಡಿ ಎಂದೆ. ಓಬಯ್ಯ ಓಡಿ ಬಂದ.

“ಸಾಮಿ, ಇದು ಬೆಂಕಿ ಅಲ್ಲ, ಬೇಲಿ. ನೀರು ಬಿಡಬ್ಯಾಡ್ರಿ. ಅರ್ಧ ಉಳಿದ್ರೆ ಕೆಲ್ಸ ಕೆಡ್ತೈತೆ.”

“ಬೇಲಿಯಂತೆ ಬೇಲಿ! ಬೆಂಕಿ ಯಾವತ್ತಾರ ಬೇಲಿ ಆಗ್ತೈತೇನಯ್ಯ?” ಎಂದು ಗದರಿಸಿದೆ.

ಸುತ್ತ ನಿಂತ ಹತ್ತಾರು ಜನರ ಮುಂದೆ ಗದರಿಸಿದ್ದು ನನಗೆ ಆಗ ಹಿತವಾಗಿಯೇ ಇತ್ತು. ಚನ್ನಬಸಪ್ಪ ಇಸ್ತ್ರಿ ಮುರಿಯದ ಬಿಳಿ ಅಂಗಿಯಲ್ಲಿ ಬಂದು ನನ್ನ ಕೈ ಕುಲುಕಿದ. ಮಧ್ಯಾಹ್ನದ ಹೊತ್ತಿಗೆ ಪೊಲೀಸರಿಗೆ ದೂರು ಕೊಟ್ಟಿದ್ದ. ನಮ್ಮ ಫೈರ್ ರಿಪೋರ್ಟಿನಲ್ಲಿ ‘ಬೆಂಕಿಯ ಕಾರಣ’ ಎಂಬ ಒಂದು ಅಂಕಣವಿರುತ್ತದೆ. ಅದರಲ್ಲಿ ನಾನು ‘ಉದ್ದೇಶಪೂರ್ವಕ’ ಎಂಬ ಒಂದೇ ಶಬ್ದ ಬರೆದು ಸಹಿ ಹಾಕಿದೆ. ಬರೆದದ್ದು ಸುಳ್ಳಲ್ಲ, ಅವರು ಉದ್ದೇಶಪೂರ್ವಕವಾಗಿಯೇ ಸುಡುತ್ತಿದ್ದರು. ಯಾವ ಉದ್ದೇಶ ಎಂದು ನಾನು ಕೇಳಲಿಲ್ಲ, ಬರೆಯಲೂ ಇಲ್ಲ. ಅದರ ಮೇಲೆ ಓಬಯ್ಯನ ವಿರುದ್ಧ ಕೇಸು ದಾಖಲಾಯಿತು.

ಕರೆಗೆ ಹೋಗಿದ್ದಾಗಲೇ ಬಡಾವಣೆಯನ್ನೂ ಒಮ್ಮೆ ಸುತ್ತಿ ನೋಡಿದ್ದೆ. ಖಾಲಿ ನಿವೇಶನಗಳಲ್ಲಿ ಒಣಹುಲ್ಲು, ಮನೆಗಳ ಹಿತ್ತಲಿಗೆ ತಾಗಿಯೇ. ಹೆಬ್ಬಾಗಿಲಿಗೆ ಚನ್ನಬಸಪ್ಪ ಸಿಂಹದ ಮುಖದ ಕಮಾನು ಕಟ್ಟಿಸಿದ್ದ. ಅದರ ಎತ್ತರ ಹತ್ತು ಅಡಿ, ನಮ್ಮ ಜಲವಾಹನದ ಎತ್ತರ ಹನ್ನೊಂದು. ಹಿಂದಿನ ಕಡೆ ಕಾವಲಿಗೆ ಇದ್ದ ಹಳೆಯ ಬಂಡಿ ಜಾಡಿಗೆ ಅಡ್ಡಲಾಗಿ ಗೋಡೆ ಏಳುತ್ತಿತ್ತು. ನಾಲ್ಕು ಸೂಚನೆ ಬರೆದು ಕಳಿಸಿದೆ: ಹುಲ್ಲು ತೆಗೆಸಿ, ಕಮಾನು ಎತ್ತರಿಸಿ, ಹಿಂದೆ ಒಂದು ಗೇಟು ಬಿಡಿ, ನೀರಿಗೊಂದು ತೊಟ್ಟಿ ಕಟ್ಟಿಸಿ. ವಾರದ ಮೇಲೆ ಎದುರಾದಾಗ ಕೇಳಿದೆ.

“ನೋಡಾಣ ಬಿಡ್ರಿ ಸಾರ್. ಸಿಂಹ ತೆಗೆದ್ರೆ ಸೈಟು ಹೋಗಲ್ಲ” ಎಂದು ನಕ್ಕ.

ಮರುವರ್ಷ ಸಂಕ್ರಾಂತಿ ಬಂತು, ಹೋಯಿತು. ಕಾವಲಿನಲ್ಲಿ ಹೊಗೆ ಏಳಲಿಲ್ಲ. ಓಬಯ್ಯ ತಿಂಗಳಿಗೊಮ್ಮೆ ಚಳ್ಳಕೆರೆಯ ಕೋರ್ಟಿಗೆ ಬಂದು ಬೇವಿನ ಮರದ ಕೆಳಗೆ ಕೂತು ಹೋಗುತ್ತಿದ್ದ. ಅವನು ಇನ್ನು ಕಡ್ಡಿ ಗೀರುವುದುಂಟೇ? ಆ ದಾರಿಯಲ್ಲಿ ಹೋಗುವಾಗ ಗೋಡೆಗೆ ತಾಗಿ ನಿಂತ ಹುಲ್ಲನ್ನು ನಾನು ನೋಡಿದ್ದೆ. ಈ ಸಲ ಸುಳ್ಳು ಕರೆಗಳ ಕಾಟವಿಲ್ಲ ಎಂದು ಸಮಾಧಾನಪಟ್ಟುಕೊಂಡೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಆದದ್ದು ಹೀಗೆ.

ಮಾರ್ಚಿನ ಒಂದು ಮಧ್ಯಾಹ್ನ ಎರಡು ನಲವತ್ತಕ್ಕೆ ಕರೆ ಬಂತು. ನೈಋತ್ಯದ ಗಾಳಿ ಬೆಳಗಿನಿಂದಲೇ ಜೋರಾಗಿತ್ತು. ಹದಿನಾಲ್ಕು ನಿಮಿಷದಲ್ಲಿ ನಾವು ಕಮಾನಿನ ಮುಂದಿದ್ದೆವು. ಅಲ್ಲಿಗೇ ನಿಂತೆವು, ಏಕೆಂದರೆ ಸಿಂಹ ಹತ್ತು ಅಡಿಯಲ್ಲೇ ಇತ್ತು. ಡ್ರೈವರ್ ಖಾದರ್ ಇಪ್ಪತ್ತು ವರ್ಷದ ಸರ್ವಿಸಿನವನು, ಸ್ಟೇರಿಂಗಿಗೆ ಹಣೆ ಬಡಿದುಕೊಂಡ. “ಸಾಬ್, ಈ ಸಿಂಹಾನ ಗುದ್ದಿ ಕೆಡವ್ಲಾ?” ಎಂದ. ಕೆಡವಿದ್ದರೆ ಕಮಾನು ನಮ್ಮ ಮೇಲೇ ಬೀಳುತ್ತಿತ್ತು. ಹಿಂದಿನಿಂದ ಹೋಗೋಣವೆಂದರೆ ಬಂಡಿ ಜಾಡಿನ ಮೇಲೆ ಗೋಡೆ. ರಸ್ತೆಯಲ್ಲೇ ವಾಹನ ನಿಲ್ಲಿಸಿ, ಮೂವತ್ತು ಮೀಟರಿನ ಹೋಸ್‌ಗಳನ್ನು ಒಂದಕ್ಕೊಂದು ಜೋಡಿಸಿ ಒಳಗೆ ಎಳೆದೆವು. ಹನ್ನೆರಡು ಹೋಸ್ ಬೇಕಾದವು, ಹನ್ನೊಂದು ನಿಮಿಷ ಹಿಡಿಯಿತು. ಒಣಹುಲ್ಲಿನ ಬೆಂಕಿಗೆ ಹನ್ನೊಂದು ನಿಮಿಷ ಎಂದರೆ ಧಾರಾಳ.

ಎರಡು ಮನೆಗಳ ಮುಂಭಾಗ, ನಾಲ್ಕು ಬೈಕು, ಒಂದು ಶೆಡ್ಡು ಸುಟ್ಟವು. ಬಿ.ಜಿ. ಕೆರೆಯಲ್ಲಿ ನರ್ಸ್ ಆಗಿದ್ದ ಸರೋಜಮ್ಮ ಎಂಬಾಕೆ ಉರಿಯುವ ಬಾಗಿಲಿನಿಂದ ಗ್ಯಾಸ್ ಸಿಲಿಂಡರ್ ಎಳೆದು ಹೊರಗೆ ಹಾಕಿ, ಎರಡೂ ಅಂಗೈ ಸುಟ್ಟುಕೊಂಡರು. ಆಕೆ ಹಾಗೆ ಮಾಡದಿದ್ದರೆ ಆ ಸಾಲಿನ ಮನೆಗಳು ಉಳಿಯುತ್ತಿರಲಿಲ್ಲ. ಉತ್ತರದ ಮೂಲೆಯಲ್ಲಿ ದೇವರ ಎತ್ತುಗಳ ರೊಪ್ಪ ಪೂರ್ತಿ ಬೂದಿಯಾಯಿತು. ಎತ್ತುಗಳು ನೀರಿಗೆ ಹೋಗಿದ್ದವು, ಓಬಯ್ಯನೂ ಅವುಗಳ ಜೊತೆ ಹೋಗಿದ್ದ. ಏಳಲಾರದ ಒಂದು ಮುದಿ ಎತ್ತು ಮಾತ್ರ ರೊಪ್ಪದಲ್ಲಿತ್ತು. ಮೈಯೆಲ್ಲ ಸುಟ್ಟು ಎರಡು ದಿನ ನರಳಿ ಸತ್ತಿತು.

ಅದೇ ಸಂಜೆ ಚನ್ನಬಸಪ್ಪ ಟಿ.ವಿ.ಯವರ ಮುಂದೆ ನಿಂತು ಎರಡು ಮಾತು ಹೇಳಿದ. ಒಂದು, ಕೇಸು ಹಾಕಿದ ಸಿಟ್ಟಿಗೆ ಕಿಲಾರಿಯೇ ರೊಪ್ಪದಿಂದ ಬೆಂಕಿ ಹಚ್ಚಿದ್ದಾನೆ. ಎರಡು, ಫೈರ್ ಇಂಜಿನ್‌ನವರು ಬರುವುದರಲ್ಲಿ ಎಲ್ಲ ಮುಗಿದಿತ್ತು. ತನ್ನ ಎತ್ತಿರುವ ರೊಪ್ಪಕ್ಕೆ ಯಾವ ಕಿಲಾರಿ ಬೆಂಕಿ ಇಡುತ್ತಾನೆ ಎಂದು ಯಾರೂ ಕೇಳಲಿಲ್ಲ. ಮರುದಿನ ಬೆಳಿಗ್ಗೆ ಓಬಯ್ಯನನ್ನು ಹಿಡಿದು ಒಳಗೆ ಹಾಕಿದರು. ಅವನು ನೀರಿನ ಹತ್ತಿರ ಇದ್ದದ್ದಕ್ಕೆ ಎತ್ತುಗಳನ್ನು ಬಿಟ್ಟರೆ ಸಾಕ್ಷಿ ಇರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ಅಷ್ಟು ಚೊಕ್ಕವಾಗಿ ಪಾಲಿಸಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ನನಗೆ ತಡವಾಗಿ ತಲುಪಿದ್ದಕ್ಕೆ ಕಾರಣ ಕೇಳಿ ನೋಟಿಸ್ ಬಂತು. ಅದಕ್ಕಿಂತ ಕೆಟ್ಟದ್ದನ್ನು ಪೊಲೀಸ್ ಠಾಣೆಯಲ್ಲಿ ಕಂಡೆ. ಓಬಯ್ಯನನ್ನು ನ್ಯಾಯಾಂಗ ಬಂಧನಕ್ಕೆ ಕೊಡಿ ಎಂದು ಬರೆದ ಅರ್ಜಿಯಲ್ಲಿ ಒಂದು ಸಾಲಿತ್ತು: ಆರೋಪಿಯು ಹಿಂದೆಯೂ ಉದ್ದೇಶಪೂರ್ವಕವಾಗಿ ಬೆಂಕಿ ಹಚ್ಚಿರುವುದನ್ನು ಅಗ್ನಿಶಾಮಕ ಠಾಣಾಧಿಕಾರಿಯೇ ದೃಢಪಡಿಸಿರುತ್ತಾರೆ. ನನ್ನ ಶಬ್ದ, ನನ್ನ ಸಹಿ. ಹೊರಗೆ ಬಂದೆ. ಕೊಳಾಯಿಯಲ್ಲಿ ಮುಖ ತೊಳೆದುಕೊಂಡು ಅಲ್ಲೇ ನಿಶ್ಚಯಿಸಿದೆ: ಈ ಮನುಷ್ಯನನ್ನು ನೆಲಕ್ಕೆ ತರಬೇಕು, ಅದೂ ನಾಲ್ಕು ಜನರ ಮುಂದೆ ತರಬೇಕು.

ಬೆಂಕಿ ಎಲ್ಲಿ ಹುಟ್ಟಿತು ಎಂಬುದೇ ಪ್ರಶ್ನೆ. ಅರಣ್ಯ ಇಲಾಖೆಗೆ ಉಪಗ್ರಹದಿಂದ ಬೆಂಕಿಯ ಎಚ್ಚರಿಕೆ ಮೊಬೈಲಿಗೆ ಬರುತ್ತದೆ. ಅಂದೂ ಬಂದಿತ್ತು, ನಾವು ಬೆಂಕಿ ನಂದಿಸುತ್ತಿದ್ದಾಗ. ಆದರೆ ಉಪಗ್ರಹದ ಒಂದು ಚುಕ್ಕೆ ನೆಲದ ಮೇಲೆ ಮುನ್ನೂರೈವತ್ತು ಮೀಟರಿಗೂ ಹೆಚ್ಚು ಅಗಲ. ಆ ಚುಕ್ಕೆಯೊಳಗೆ ಓಬಯ್ಯನ ರೊಪ್ಪವೂ ಇತ್ತು, ಅದರ ದಕ್ಷಿಣಕ್ಕೆ ಮುನ್ನೂರು ಮೀಟರ್ ದೂರದ ಒಂದು ಗುಂಡಿಯೂ ಇತ್ತು. ಆ ಗುಂಡಿ ಚನ್ನಬಸಪ್ಪನ ‘ಎರಡನೇ ಹಂತ’ದ ಜಾಗ. ಅದನ್ನು ಮಟ್ಟ ಮಾಡಲು ತನ್ನ ಮಿಲ್ಲಿನ ಶೇಂಗಾ ಹೊಟ್ಟನ್ನು ತಂದು ಸುರಿಸಿದ್ದ, ಕಡಿದ ಜಾಲಿ ಮುಳ್ಳನ್ನು ಅದರ ಪಕ್ಕದಲ್ಲಿ ರಾಶಿ ಹಾಕಿಸಿದ್ದ. ಹೊಟ್ಟಿಗೆ ಬೆಂಕಿ ಬಿದ್ದರೆ ಜ್ವಾಲೆ ಕಾಣುವುದಿಲ್ಲ, ಒಳಗೊಳಗೇ ದಿನಗಟ್ಟಲೆ ಉರಿಯುತ್ತದೆ. ಗಾಳಿ ಬಂದಾಗ ಮೇಲೆ ಬರುತ್ತದೆ.

ನನಗೆ ಗುಮಾನಿ ಇತ್ತು, ರುಜುವಾತು ಇರಲಿಲ್ಲ. ಎರಡನೆಯ ದಿನ ಸುಟ್ಟ ಕಾವಲಿನಲ್ಲಿ ಖಾದರ್ ಜೊತೆ ನಡೆಯುತ್ತಿದ್ದಾಗ ಹುತ್ತಗಳು ಕಣ್ಣಿಗೆ ಬಿದ್ದವು. ನಮ್ಮ ಕಾವಲುಗಳಲ್ಲಿ ಹುತ್ತಕ್ಕೆ ಬರವಿಲ್ಲ. ಹುಲ್ಲಿನ ಬೆಂಕಿ ಓಡುವಾಗ ಎದುರು ಸಿಕ್ಕ ಕಲ್ಲು, ಮಣ್ಣುದಿಬ್ಬಗಳ ಒಂದು ಕಡೆಗೆ ಮಸಿ ಬಳಿಯುತ್ತದೆ, ಬೆಂಕಿ ಯಾವ ಕಡೆಯಿಂದ ಬಂತೋ ಆ ಕಡೆಗೆ. ಆಚೆಯ ಮುಖ ಹಾಗೇ ಉಳಿಯುತ್ತದೆ. ಇದು ತರಬೇತಿಯಲ್ಲಿ ಕಲಿತ ಪಾಠ, ಮೂವತ್ತು ವರ್ಷದಲ್ಲಿ ಒಮ್ಮೆಯೂ ಬಳಸಿರಲಿಲ್ಲ. ಬೆಂಕಿ ರೊಪ್ಪದಿಂದ ಬಂದಿದ್ದರೆ ಹುತ್ತಗಳ ಉತ್ತರದ ಮುಖ ಕಪ್ಪಾಗಿರಬೇಕು. ಗುಂಡಿಯಿಂದ ಬಂದಿದ್ದರೆ ದಕ್ಷಿಣದ ಮುಖ. ಮೊದಲ ಹುತ್ತಕ್ಕೆ ಸುತ್ತು ಹಾಕಿದೆ. ಉತ್ತರದ ಕಡೆ ಹಸನಾದ ಕೆಂಪು ಮಣ್ಣು, ದಕ್ಷಿಣದ ಕಡೆ ಬಾಣಲೆಯ ತಳದಷ್ಟು ಕಪ್ಪು. ಎರಡನೆಯದೂ ಹಾಗೇ, ಹತ್ತನೆಯದೂ ಹಾಗೇ.

“ಸಾಬ್, ಇವು ಬಾಯಿ ಬಿಟ್ಟು ಹೇಳ್ತಾ ಐತೆ” ಎಂದ ಖಾದರ್.

ಸುಣ್ಣದ ಪುಡಿ ತರಿಸಿ ಪ್ರತಿ ಹುತ್ತಕ್ಕೂ ನಂಬರ್ ಹಾಕುತ್ತ ಹೋದೆವು. ಇಪ್ಪತ್ಮೂರಕ್ಕೆ ಬಂದಾಗ ಜೆಸಿಬಿ ಸದ್ದು ಕೇಳಿಸಿತು. ಚನ್ನಬಸಪ್ಪ ಜಾಗ ‘ಕ್ಲೀನ್’ ಮಾಡಿಸಲು ಬಂದಿದ್ದ. ಯಾರ ಜಾಗ, ಕಾವಲು ಅವನದಲ್ಲವಲ್ಲ ಎಂದು ಕೇಳಬೇಕು. ಆ ಹೊತ್ತಿಗೆ ಅಲ್ಲಿ ಕೇಳುವವನು ನಾನೊಬ್ಬನೇ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ, ಈತ ಹೆಗಲು ಮುಟ್ಟಲು ಜೆಸಿಬಿಯನ್ನೇ ತಂದಿದ್ದ. ಸುಣ್ಣದ ನಂಬರ್ ನೋಡಿದವನಿಗೆ ಏನು ನಡೆಯುತ್ತಿದೆ ಎಂದು ತಿಳಿದುಹೋಯಿತು.

“ಮೊದ್ಲು ಆ ಹುತ್ತ ಎಲ್ಲಾ ಎಬ್ಬಿಸಪ್ಪ” ಎಂದು ಆಪರೇಟರ್‌ಗೆ ಕೈ ತೋರಿಸಿದ.

ಆಪರೇಟರ್ ಆಂಧ್ರದ ಗಡಿಯಾಚೆಯ ಹಳ್ಳಿಯವನು. ಎಂಜಿನ್ ಬಂದ್ ಮಾಡಿ ಕೆಳಗಿಳಿದ, ಚಪ್ಪಲಿ ಬಿಟ್ಟ, ಎದುರಿನ ಹುತ್ತಕ್ಕೆ ಕೈ ಮುಗಿದ.

“ನಾ ವಲ್ಲ ಕಾದು ಸಾರ್. ನನ್ ಕೈಲಿ ಆಗಲ್ಲ. ಮನ್ಯಾಗೆ ಹೆಂಡ್ತಿ ಬಸ್ರಿ ಅವ್ಳೆ. ನಾಗಪ್ಪನ್ ಮನೆ ನಾನು ಮುಟ್ಟಲ್ಲ.”

ಚನ್ನಬಸಪ್ಪ ಕೂಗಾಡಿದ. ಜೊತೆಯಲ್ಲಿದ್ದ ಆಳುಗಳ ಕಡೆ ತಿರುಗಿ ಹಾರೆ ತಗೊಳ್ರೋ ಎಂದ. ಒಬ್ಬನೂ ಅಲುಗಲಿಲ್ಲ. ಜಾಲಿ ಕಡಿಯಿರಿ ಎಂದರೆ ಕಡಿದಿದ್ದರು, ಬಂಡಿ ಜಾಡು ಮುಚ್ಚಿ ಎಂದರೆ ಮುಚ್ಚಿದ್ದರು; ಹುತ್ತಕ್ಕೆ ಹಾರೆ ಹಾಕು ಎಂದರೆ ಈ ಸೀಮೆಯಲ್ಲಿ ಯಾವ ಕೂಲಿಗೂ ಕೈ ಬರುವುದಿಲ್ಲ. ಆಗ ನಾನು ಹತ್ತಿರ ಹೋಗಿ, ಎಷ್ಟು ವಿನಯ ಸಾಧ್ಯವೋ ಅಷ್ಟು ವಿನಯದಿಂದ ಹೇಳಿದೆ: “ಸಾವ್ಕಾರ್ರೆ, ಆಳುಗಳು ಹೆದರ್ತಾರೆ. ನೀವೇ ಒಂದು ಹಾರೆ ಹಾಕ್ರಿ. ಶುರು ಮಾಡಿಕೊಡ್ರಿ.”

ಹಾರೆ ಅವನ ಕಾಲಿನ ಹತ್ತಿರವೇ ಬಿದ್ದಿತ್ತು. ಅವನು ಅದನ್ನು ನೋಡಿದ, ಹುತ್ತವನ್ನು ನೋಡಿದ. ಹಣೆಯಲ್ಲಿ ವಿಭೂತಿ ಇತ್ತು, ಬೆವರಿಗೆ ಅದು ಹುಬ್ಬಿನವರೆಗೆ ಇಳಿದಿತ್ತು. ಪ್ರತಿ ನಾಗರ ಪಂಚಮಿಗೆ ಅವನ ಹೆಂಡತಿ ಇದೇ ಕಾವಲಿನ ಹುತ್ತಕ್ಕೆ ಹಾಲೆರೆಯಲು ಕಾರಿನಲ್ಲಿ ಬರುತ್ತಿದ್ದದ್ದು ಬಡಾವಣೆಗೆಲ್ಲ ಗೊತ್ತಿತ್ತು. ಹಾರೆ ಮುಟ್ಟದೆ ಕಾರು ಹತ್ತಿದ. ಖಾದರ್ ಜಲವಾಹನವನ್ನು ಜೆಸಿಬಿಗೆ ಅಡ್ಡಲಾಗಿ ನಿಲ್ಲಿಸಿ ಅದರ ನೆರಳಲ್ಲಿ ಊಟದ ಡಬ್ಬಿ ಬಿಚ್ಚಿದ. ಸಂಜೆಯ ಹೊತ್ತಿಗೆ ಎಣಿಕೆ ಮುಗಿಯಿತು, ಒಟ್ಟು ಅರವತ್ತೊಂದು ಹುತ್ತ.

ಮೇಲಧಿಕಾರಿಗಳಿಗೆ ಬರೆದು ಜಂಟಿ ಸ್ಥಳ ಪರಿಶೀಲನೆ ಕೇಳಿದೆ. ಬೆಂಕಿಯಾದ ಆರನೆಯ ದಿನ ಕಂದಾಯ, ಪೊಲೀಸ್, ಅರಣ್ಯದವರು ಬಂದರು. ಚನ್ನಬಸಪ್ಪ ವಕೀಲರ ಜೊತೆ ಬಂದ. ಬಡಾವಣೆಯ ಜನವೂ ನೆರೆದರು. ನಿಯಮದ ಪ್ರಕಾರ ನಾಲ್ಕೈದು ಹುತ್ತ ತೋರಿಸಿ, ಉಳಿದವಕ್ಕೆ ನಕ್ಷೆ ಕೊಟ್ಟಿದ್ದರೆ ಸಾಕಿತ್ತು. ನಾನು ಹಾಗೆ ಮಾಡಲಿಲ್ಲ. ಅರವತ್ತೊಂದನ್ನೂ ತೋರಿಸಿದೆ, ಅದೂ ಮಟಮಟ ಮಧ್ಯಾಹ್ನ.

ಮೊದಲ ಹುತ್ತದ ಹತ್ತಿರ ಎಲ್ಲರನ್ನೂ ನಿಲ್ಲಿಸಿ ಮಸಿಯ ಲೆಕ್ಕ ವಿವರಿಸಿದೆ. ಆಮೇಲೆ ಕೇಳಿದೆ: “ಸಾವ್ಕಾರ್ರೆ, ಇದರಲ್ಲಿ ಯಾವ ಕಡೆ ಕಪ್ಪಾಗೈತೆ, ನೀವೇ ಹೇಳ್ರಿ. ಬರ್ಕಂತಾರೆ.”

ವಕೀಲರು ಆಕ್ಷೇಪಿಸಿದರು. ಹಿರಿಯ ಕಂದಾಯ ಅಧಿಕಾರಿ ಹುತ್ತದ ಕಡೆ ನೋಡಿ, “ಕಣ್ಣಿಗೆ ಕಾಣೋದನ್ನ ಹೇಳಾಕೇನು? ಹೇಳ್ರಿ” ಎಂದರು.

“ದಕ್ಷಿಣ” ಎಂದ ಚನ್ನಬಸಪ್ಪ.

ಎರಡನೆಯದಕ್ಕೆ ಹೋದೆವು. “ದಕ್ಷಿಣ.” ಹನ್ನೆರಡನೆಯದರ ಹೊತ್ತಿಗೆ ಅವನ ಬಿಳಿ ಪ್ಯಾಂಟು ಮೊಣಕಾಲಿನವರೆಗೆ ಕರಿಯಾಗಿತ್ತು. ಮೂವತ್ತನೆಯದಕ್ಕೆ ದನಿ ಗೊಗ್ಗರಾಯಿತು. ಹಿಂದೆ ಬರುತ್ತಿದ್ದ ಬಡಾವಣೆಯ ಹೆಂಗಸರು ಅಷ್ಟರಲ್ಲಿ ಅವನಿಗಿಂತ ಮುಂಚೆಯೇ “ದಕ್ಷಿಣ” ಎನ್ನತೊಡಗಿದ್ದರು. ನನಗೆ ನೀರಡಿಕೆಯಾಗಿತ್ತು, ಕಾಲು ಸುಡುತ್ತಿತ್ತು, ಆದರೂ ಅಷ್ಟು ಸಂತೋಷದ ನಡಿಗೆಯನ್ನು ನಾನು ಸರ್ವಿಸಿನಲ್ಲೇ ನಡೆದಿಲ್ಲ. ಓಬಯ್ಯನನ್ನು ಜೀಪು ಹತ್ತಿಸಿದ ದೃಶ್ಯ ನೆನೆದು ಇನ್ನೂ ನಿಧಾನವಾಗಿ ನಡೆದೆ.

ಅರವತ್ತೊಂದನೆಯ ಹುತ್ತ ಗುಂಡಿಯ ಅಂಚಿನಲ್ಲಿತ್ತು. ಖಾದರ್ ಸಲಿಕೆ ಹಾಕಿ ಬೂದಿ ಸರಿಸಿದ. ಕೆಳಗಿನ ಶೇಂಗಾ ಹೊಟ್ಟಿನಿಂದ ಹೊಗೆ ಎದ್ದಿತು. ಆರು ದಿನವಾದರೂ ಒಳಗೆ ಕೆಂಡ ಹಾಗೇ ಇತ್ತು. ಚನ್ನಬಸಪ್ಪನ ಮೇಸ್ತ್ರಿಯೇ ಮುಂದೆ ಬಂದು, ಬೆಂಕಿಯಾದ ಹಿಂದಿನ ದಿನ ಜಾಲಿ ರಾಶಿ ಸುಡಲು ಹೇಳಿದ್ದರು, ಆರಿದೆ ಎಂದುಕೊಂಡು ಹೋದೆವು ಎಂದು ಒಪ್ಪಿಕೊಂಡ. ಕಾಯಲು ಒಬ್ಬ ಆಳನ್ನೂ ಬಿಟ್ಟಿರಲಿಲ್ಲ.

ಸರೋಜಮ್ಮ ಎರಡೂ ಕೈಗೆ ಬ್ಯಾಂಡೇಜ್ ಸುತ್ತಿಕೊಂಡು ಅಲ್ಲೇ ನಿಂತಿದ್ದರು. “ಪ್ರಕೃತಿಯ ಮಡಿಲು ಅಂತ ಪೇಪರ್‌ನಾಗೆ ಹಾಕ್ಸಿದ್ರಲ್ರಿ ಸಾವ್ಕಾರ್ರೆ. ನಮ್ಮ ಮಡಿಲಿಗೆ ಕೆಂಡ ಕಟ್ಟಿದ್ರಿ” ಎಂದರು.

ಉಳಿದದ್ದು ‘ಸೂಕ್ತ ಕ್ರಮ’. ಅವನ ಮೇಲೆ ಕೇಸಾಯಿತು, ಎರಡನೇ ಹಂತದ ಅನುಮತಿ ನಿಂತಿತು, ಬಂಡಿ ಜಾಡಿನ ಗೋಡೆ ಒಡೆಯಿತು. ಕಮಾನು ಕೆಡವುವ ದಿನ ನಾನು ರಜೆ ಹಾಕಿ ಹೋದೆ. ಎದುರಿನ ಚಹಾದ ಅಂಗಡಿಯಲ್ಲಿ ಕೂತು ಹುರಿದ ಶೇಂಗಾ ತಿನ್ನುತ್ತ, ಸಿಂಹದ ತಲೆ ಉರುಳುವವರೆಗೂ ನೋಡಿದೆ. ನನ್ನ ನೋಟಿಸಿಗೆ ಉತ್ತರವಾಗಿ ಕಮಾನಿನ ಅಳತೆಯನ್ನು ಫೋಟೋ ಸಮೇತ ಕಳಿಸಿದೆ, ಅದು ಅಲ್ಲಿಗೆ ಮುಗಿಯಿತು. ಇದನ್ನು ಓದಿ ಯಾರಾದರೂ ಕ್ಷಮೆ ದೊಡ್ಡದು ಎಂದರೆ ಒಪ್ಪುತ್ತೇನೆ, ಆದರೆ ಅಂದು ನನಗೆ ಬೇಕಾಗಿದ್ದದ್ದು ಅದಲ್ಲ.

ಓಬಯ್ಯ ಒಂಬತ್ತನೆಯ ದಿನ ಹೊರಬಂದ. ಆದರೆ ಹಿಂದಿನ ವರ್ಷದ ಕೇಸು ಹಾಗೇ ಇತ್ತು, ಅದಕ್ಕೆ ಆಧಾರ ನನ್ನ ಆ ಒಂದು ಶಬ್ದ. ಅದನ್ನು ತೆಗೆಯದೆ ಅವನು ಪೂರ್ತಿ ಬಿಡುಗಡೆಯಾಗುವಂತಿರಲಿಲ್ಲ. ಅದು ನಿಯಂತ್ರಿತ ದಹನ, ರಕ್ಷಣೆಗಾಗಿ ಮಾಡಿದ್ದು, ಕಾರಣವನ್ನು ವಿಚಾರಿಸದೆ ನಾನು ತಪ್ಪಾಗಿ ದಾಖಲಿಸಿದೆ ಎಂದು ಲಿಖಿತ ಹೇಳಿಕೆ ಕೊಟ್ಟೆ. ಇಲಾಖೆಯಿಂದ ವ್ಯತಿರಿಕ್ತ ಷರಾ ಬಂತು, ಅಂದರೆ ಸೇವಾ ಪುಸ್ತಕದಲ್ಲಿ ಒಂದು ಕಪ್ಪು ಸಾಲು. ಕೇಸು ಬಿದ್ದುಹೋಯಿತು. ಆ ಆದೇಶದ ಪ್ರತಿ ಹಿಡಿದು, ಒಳ್ಳೆಯ ಸುದ್ದಿ ತಂದವನ ಹುಮ್ಮಸ್ಸಿನಲ್ಲಿ ಕಾವಲಿಗೆ ಹೋದೆ.

ಓಬಯ್ಯ ಹೊಸ ಬೇಲಿ ಕಟ್ಟುತ್ತಿರಲಿಲ್ಲ. ಉಳಿದ ಸಾಮಾನನ್ನು ಟ್ರ್ಯಾಕ್ಟರಿಗೆ ಏರಿಸುತ್ತಿದ್ದ. ಜಟಿಂಗ ರಾಮೇಶ್ವರದ ಬೆಟ್ಟದ ಕಡೆ ಅವರದೇ ಇನ್ನೊಂದು ಕಟ್ಟೆಮನೆಯವರು, ಅಂದರೆ ಅದೇ ಬುಡಕಟ್ಟಿನ ಇನ್ನೊಂದು ಗುಂಪಿನವರು, ಜಾಗ ಕೊಡುತ್ತಾರಂತೆ, ಎತ್ತುಗಳನ್ನು ಅಲ್ಲಿಗೆ ಹೊಡೆದುಕೊಂಡು ಹೋಗುವವನಿದ್ದ. ನಾನು ಆದೇಶ ಓದಿ ಹೇಳಿದೆ, ಚನ್ನಬಸಪ್ಪನನ್ನು ಅರವತ್ತೊಂದು ಹುತ್ತ ಸುತ್ತಿಸಿದ್ದನ್ನೂ ಹೇಳಿದೆ. ಅವನು ಕೇಳಿಸಿಕೊಂಡ, ನಗಲಿಲ್ಲ.

“ಸಾವ್ಕಾರ ಬ್ಯಾರೆ ಕಡೆಯೋನು, ಅವ್ನಿಗೆ ಕಾವಲು ಅಂದ್ರೆ ಸೈಟು. ಅವ್ನ ಮ್ಯಾಲೆ ನಂಗೆ ಸಿಟ್ಟಿಲ್ಲ” ಎಂದ. “ನೀವು ಕೊಂಡ್ಲಹಳ್ಳಿಯೋರು. ನಿಮ್ಗೆ ಗೊತ್ತಿತ್ತು, ಸಾಮಿ.”

ನಾನು ಆದೇಶದ ಪ್ರತಿಯನ್ನು ಮಡಚಿ ಜೇಬಿಗೆ ಹಾಕಿಕೊಂಡೆ.

“ನಾನು ಸಾಕಿದ ಎತ್ತು. ಅದು ಸತ್ತಾಗ ನಾನು ಲಾಕಪ್ಪಿನಾಗಿದ್ದೆ. ಒಂದು ಹಿಡಿ ಮಣ್ಣು ಹಾಕಾಕೆ ಆಗ್ಲಿಲ್ಲ. ಬ್ಯಾರೇರು ಹಾಕಿದ್ರು.” ಹಗ್ಗ ಬಿಗಿದು ಮತ್ತೆ ಹೇಳಿದ: “ಮುಂದಿನ ಸಂಕ್ರಾಂತಿಗೆ ಪಟ್ಟಿ ನೀವೇ ಸುಡ್ರಿ. ನಮ್ಮೋರು ಇಲ್ಲಿ ಇನ್ನು ಕಡ್ಡಿ ಗೀರಲ್ಲ.”

ಹಾಗೆಯೇ ಆಯಿತು. ಮುಂದಿನ ಜನವರಿಯಲ್ಲಿ ಗ್ರಾಮ ಪಂಚಾಯಿತಿಗೆ ತಿಳಿಸಿ, ಅನುಮತಿ ಪಡೆದು, ನಾವೇ ಪಟ್ಟಿ ಸುಟ್ಟೆವು. ಹನ್ನೊಂದು ಜನ ತರಬೇತಿ ಪಡೆದ ಸಿಬ್ಬಂದಿ, ಒಂದು ಜಲವಾಹನ, ಬಡಾವಣೆಯ ಇಪ್ಪತ್ತು ಜನ. ಏಳು ಜನ ಕಿಲಾರಿಗಳು ಕೊಂಬೆ ಹಿಡಿದು ಎರಡು ಗಂಟೆಯಲ್ಲಿ ಮುಗಿಸುತ್ತಿದ್ದ ಕೆಲಸಕ್ಕೆ ನಮಗೆ ಎರಡು ದಿನ ಹಿಡಿಯಿತು. ಎರಡು ಸಲ ಬೆಂಕಿ ಕೈ ತಪ್ಪಿ ಕಾವಲಿಗೆ ನುಗ್ಗಿತು, ಎರಡು ಸಲವೂ ನೀರು ಉಳಿಸಿತು. ಗಾಳಿಯ ಯಾವ ಗಳಿಗೆಗೆ ಹಚ್ಚಬೇಕು, ಯಾವ ಮೂಲೆಯಿಂದ ಶುರು ಮಾಡಬೇಕು ಎಂಬುದು ನಮ್ಮ ಯಾವ ಕೈಪಿಡಿಯಲ್ಲೂ ಇರಲಿಲ್ಲ.

ನಿವೃತ್ತಿಗೆ ವಾರವಿದ್ದಾಗ ಓಬಯ್ಯನ ಹೊಸ ರೊಪ್ಪ ಹುಡುಕಿಕೊಂಡು ಹೋದೆ. ಕೂರಲು ಕಂಬಳಿ ಹಾಸಿದ, ಮಜ್ಜಿಗೆ ಕೊಟ್ಟ, ಮನೆಯವರ ಯೋಗಕ್ಷೇಮ ವಿಚಾರಿಸಿದ. ಒಂದೇ ಸಲ ಬಂದು ನಮ್ಮ ಹುಡುಗರಿಗೆ ಪಟ್ಟಿ ಸುಡುವುದನ್ನು ಹೇಳಿಕೊಡು, ಮೂವತ್ತೆಂಟು ಮನೆಗಳ ಪ್ರಶ್ನೆ ಎಂದು ಕೈ ಮುಗಿದು ಕೇಳಿದೆ.

“ಅವತ್ತು ಹೇಳ್ಕೊಡಾಕೆ ಓಡಿ ಬಂದಿದ್ದೆ, ಸಾಮಿ” ಎಂದ. “ಒಂದ್ಮಾತು ಕೇಳಿದ್ರೆ ಸಾಕಿತ್ತು.”

ಅಷ್ಟು ಹೇಳಿ ಎತ್ತುಗಳನ್ನು ನೀರಿಗೆ ಬಿಡಲು ಎದ್ದುಹೋದ. ಬೆಂಕಿಯ ಕಾರಣ ಬರೆಯುವ ಮುಂಚೆ ಹಚ್ಚಿದವನನ್ನು ಏಕೆಂದು ಕೇಳಬೇಕು: ಮೂವತ್ತು ಚಿಲ್ಲರೆ ವರ್ಷದ ನೌಕರಿ ನನಗೆ ಕಲಿಸಿದ್ದು ಇಷ್ಟೇ, ಕರೆದಲ್ಲೆಲ್ಲ ಹೋಗಿ ಹೊಸ ಸಿಬ್ಬಂದಿಗೆ ಇದನ್ನೇ ಹೇಳುತ್ತೇನೆ. ನನ್ನ ಸೇಡು ಒಂದು ಮಧ್ಯಾಹ್ನದಲ್ಲಿ ತೀರಿತು. ಓಬಯ್ಯ ನನ್ನ ಮೇಲೆ ಇಟ್ಟ ಸಿಟ್ಟು ಇನ್ನೂ ತೀರಿಲ್ಲ, ಅದನ್ನು ಬಿಟ್ಟುಬಿಡು ಎಂದು ಕೇಳುವ ಹಕ್ಕೂ ನನಗಿಲ್ಲ.